ಎದೆಯ ನೀರಿಗೆ ಒಂದು ಹೆಸರು, ಒಂದು ಸಂಖ್ಯೆ

ನಿಮ್ಮ ಮನೆಯವರು ಯಾರಾದರೂ ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದಾಗ ಕೊಡುವ ಚೀಟಿಯನ್ನು ಎಂದಾದರೂ ಪೂರ್ತಿ ಓದಿದ್ದೀರಾ? ಮಾತ್ರೆಗಳ ಪಟ್ಟಿಯನ್ನು ಓದಿರುತ್ತೀರಿ. ಮತ್ತೆ ಯಾವಾಗ ಬರಬೇಕು ಎಂಬ ದಿನಾಂಕವನ್ನು ನೋಡಿರುತ್ತೀರಿ. ಮೇಲ್ಭಾಗದಲ್ಲಿ ರೋಗನಿರ್ಣಯ ಎಂಬ ಒಂದು ಸಾಲು ಇರುತ್ತದೆ. ಈಚಿನ ಚೀಟಿಗಳಲ್ಲಿ ಎಷ್ಟೋ ಸಲ ಅದರ ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರ, ಮುಂದೆ ಎರಡೋ ಮೂರೋ ಅಂಕಿಗಳೂ ಇರುತ್ತವೆ. ಅದು ಆಸ್ಪತ್ರೆಯ ಕಚೇರಿಗೋ ವಿಮೆಯವರಿಗೋ ಬೇಕಾದದ್ದು ಎಂದು ನಾವು ಬಿಟ್ಟುಬಿಡುತ್ತೇವೆ. ನಾನೂ ಹಾಗೆಯೇ ಬಿಡುತ್ತಿದ್ದೆ. ಒಂದು ಹಳೆಯ ಚೀಟಿ ಕೈಗೆ ಸಿಕ್ಕಿದ ಮೇಲೆ ಆ ಸಾಲಿನ ಚರಿತ್ರೆಯನ್ನು ಹುಡುಕಿಕೊಂಡು ಹೋದೆ. ಹೋದಂತೆಲ್ಲ ನನ್ನ ಭೌತವಿಜ್ಞಾನವೇ ದಾರಿಯಲ್ಲಿ ಎದುರಾಗುತ್ತಿತ್ತು.

ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳ ನಮ್ಮ ತಂದೆಯ ಊರು. ಕನ್ನಂಬಾಡಿ ಕಟ್ಟೆಗೆ ಹತ್ತಿರ. ಸುತ್ತ ಗದ್ದೆ, ನಾಲೆ. ಜಮೀನಿನ ಕಾಗದಗಳನ್ನು ಹುಡುಕಲು ಹಳೆಯ ಟ್ರಂಕನ್ನು ತೆಗೆದಾಗ ಕಂದಾಯದ ರಸೀತಿಗಳ ನಡುವೆ ನಮ್ಮ ದೊಡ್ಡಪ್ಪನ ಆಸ್ಪತ್ರೆ ಚೀಟಿ ಸಿಕ್ಕಿತು. 1979ರದು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಮುಖ್ಯವಲ್ಲ. ಅದರಲ್ಲಿ ಇದ್ದ ರೋಗನಿರ್ಣಯ ಇಷ್ಟೇ: ‘ಪ್ಲೂರಲ್ ಎಫ್ಯೂಷನ್, ಎಡಗಡೆ. ನೀರು ತೆಗೆಯಲಾಗಿದೆ.’ ಆಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಮಂಚದ ಕೆಳಗಿದ್ದ ಗಾಜಿನ ಜಾಡಿಯಲ್ಲಿ ಒಣಹುಲ್ಲಿನ ಬಣ್ಣದ ನೀರು ತುಂಬಿದ್ದನ್ನು ಕಂಡ ನೆನಪು ಇನ್ನೂ ಇದೆ. ದೊಡ್ಡಪ್ಪ ಊರಿಗೆ ಬಂದ ಮೇಲೆ ಜಗಲಿಯಲ್ಲಿ ಕೂತು, “ನೀರು ಹೋಯ್ತು, ಕಾಯ್ಲೆ ಹೋಯ್ತು ಕಣ್ಲಾ ಮಗ” ಎಂದಿದ್ದರು. ನಿಜಕ್ಕೂ ಜ್ವರ ನಿಂತಿತ್ತು, ಊಟ ಸೇರುತ್ತಿತ್ತು. ಎರಡು ವರ್ಷ ಕಳೆದ ಮೇಲೆ ಕೆಮ್ಮಿದಾಗ ರಕ್ತ ಬಂತು.

ಆ ಎರಡು ವರ್ಷಗಳಲ್ಲಿ ಏನಾಯಿತು ಎಂಬುದು ಚೀಟಿಯ ಆ ಒಂದು ಸಾಲಿನಲ್ಲಿಯೇ ಅಡಗಿದೆ. ಅದನ್ನು ತಿಳಿಯಬೇಕಾದರೆ ಎದೆಯ ನೀರು ಎಂದರೇನು ಎಂಬುದನ್ನು ಮೊದಲು ನೋಡಬೇಕು.

ನಾಲೆ ತುಂಬಿದ್ದರೋ, ಏರಿ ತೂತಾಗಿದ್ದರೋ?

‘ಶ್ವಾಸಕೋಶಕ್ಕೆ ನೀರು ಬಂದಿದೆ’ ಎಂದು ಜನ ಹೇಳುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಶ್ವಾಸಕೋಶದ ಒಳಗಿನ ಗಾಳಿಗೂಡುಗಳಲ್ಲೇ ದ್ರವ ತುಂಬುವುದು ಒಂದು. ಶ್ವಾಸಕೋಶದ ಹೊರಗೆ, ಅದಕ್ಕೂ ಪಕ್ಕೆಲುಬಿನ ಗೋಡೆಗೂ ನಡುವೆ ತುಂಬುವುದು ಇನ್ನೊಂದು. ನಮ್ಮ ವಿಷಯ ಎರಡನೆಯದು. ಶ್ವಾಸಕೋಶವನ್ನು ಪ್ಲೂರಾ ಎಂಬ ಪೊರೆ ಎರಡು ಪದರಗಳಾಗಿ ಸುತ್ತಿಕೊಂಡಿದೆ. ಒಂದು ಪದರ ಶ್ವಾಸಕೋಶಕ್ಕೆ ಅಂಟಿದೆ, ಇನ್ನೊಂದು ಎದೆಗೂಡಿನ ಒಳಗೋಡೆಗೆ. ಇವುಗಳ ನಡುವೆ ಆರೋಗ್ಯವಂತನಲ್ಲಿಯೂ ಸುಮಾರು 10–20 ಮಿಲಿಲೀಟರ್ ದ್ರವ ಇರುತ್ತದೆ. ಉಸಿರಾಡುವಾಗ ಪದರಗಳು ಒಂದರ ಮೇಲೊಂದು ಜಾರಲು ಅದು ಎಣ್ಣೆಯ ಹಾಗೆ ಕೆಲಸ ಮಾಡುತ್ತದೆ. ಈ ದ್ರವ ನಿಂತ ನೀರಲ್ಲ. ಒಂದು ಕಡೆ ಸೂಕ್ಷ್ಮ ರಕ್ತನಾಳಗಳಿಂದ ಒಸರುತ್ತದೆ, ಇನ್ನೊಂದು ಕಡೆ ದುಗ್ಧನಾಳಗಳಿಗೆ ಇಂಗುತ್ತದೆ. ಒಸರುವುದು ಇಂಗುವುದಕ್ಕಿಂತ ಹೆಚ್ಚಾದರೆ ನೀರು ನಿಲ್ಲುತ್ತದೆ. ಒಂದು ಲೀಟರು, ಎರಡು ಲೀಟರೂ ಆಗಬಹುದು.

ಒಸರುವಿಕೆಯ ಲೆಕ್ಕವನ್ನು 1896ರಲ್ಲಿ ಸ್ಪಷ್ಟಪಡಿಸಿದವನು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಇಂಗ್ಲಿಷ್ ಶರೀರಕ್ರಿಯಾ ವಿಜ್ಞಾನಿ. ರಕ್ತನಾಳದೊಳಗಿನ ಒತ್ತಡ ದ್ರವವನ್ನು ಹೊರಕ್ಕೆ ತಳ್ಳುತ್ತದೆ. ರಕ್ತದಲ್ಲಿರುವ ಪ್ರೋಟೀನುಗಳಿಂದ ಉಂಟಾಗುವ ಪರಾಸರಣ ಒತ್ತಡ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇವೆರಡರ ವ್ಯತ್ಯಾಸವೇ ನಿಯಮ. ಬೆಳಗೊಳದ ರೈತನಿಗೆ ಇದನ್ನು ಬೇರೆ ರೀತಿ ಹೇಳಬಹುದು. ಗದ್ದೆಗೆ ಬೇಡದ ನೀರು ನುಗ್ಗಿದ್ದರೆ ಎರಡು ಕಾರಣ ಇರಬಹುದು: ನಾಲೆಯಲ್ಲಿ ನೀರಿನ ಮಟ್ಟ ಏರಿರಬೇಕು, ಇಲ್ಲವೇ ಏರಿಯಲ್ಲಿ ಏಡಿ ತೂತು ಮಾಡಿರಬೇಕು. ಹೃದಯ ಸೋತಾಗ ಮಟ್ಟ ಏರುತ್ತದೆ. ಪಿತ್ತಜನಕಾಂಗ ಅಥವಾ ಮೂತ್ರಪಿಂಡ ಕೆಟ್ಟು ರಕ್ತದ ಪ್ರೋಟೀನು ಇಳಿದಾಗ ಎಳೆದುಕೊಳ್ಳುವ ಬಲ ಕಡಿಮೆಯಾಗುತ್ತದೆ. ಈ ಎರಡರಲ್ಲೂ ಪೊರೆ ಸರಿಯಾಗಿಯೇ ಇರುತ್ತದೆ. ಕ್ಷಯ, ನ್ಯುಮೋನಿಯ, ಕ್ಯಾನ್ಸರುಗಳಲ್ಲಿ ಮಾತ್ರ ಪೊರೆಯೇ ಸೋರುತ್ತದೆ. ಗದ್ದೆಯ ನೀರನ್ನು ಬಸಿದುಬಿಟ್ಟರೆ ತೂತು ಮುಚ್ಚಿದಂತಾಗುವುದಿಲ್ಲ ಎಂಬುದು ದೊಡ್ಡಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಎದೆಯ ವಿಷಯದಲ್ಲಿ ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ, ಅಷ್ಟೆ.

ಎಳನೀರನ್ನು ತಟ್ಟಿದ ಹಾಗೆ

ಮದ್ದೂರಿನ ಎಳನೀರು ಮಾರುವವರನ್ನು ನೀವು ನೋಡಿರಬಹುದು. ಕಾಯನ್ನು ಬೆರಳಿನಿಂದಲೋ ಕತ್ತಿಯ ಹಿಂಬದಿಯಿಂದಲೋ ತಟ್ಟಿ, ನೀರೆಷ್ಟು ಗಂಜಿಯೆಷ್ಟು ಎಂದು ಹೇಳಿಬಿಡುತ್ತಾರೆ. ಆಸ್ಟ್ರಿಯದ ಗ್ರಾಟ್ಸ್ ಊರಿನ ಹೋಟೆಲಿನವನೊಬ್ಬನ ಮಗ ಲಿಯೊಪೋಲ್ಡ್ ಆವೆನ್‌ಬ್ರುಗರ್. ದ್ರಾಕ್ಷಾರಸದ ಪೀಪಾಯಿಗಳನ್ನು ತಟ್ಟಿ ಒಳಗೆಷ್ಟಿದೆ ಎಂದು ತಿಳಿಯುವುದು ಅಂಥ ಮನೆಗಳಲ್ಲಿ ನಿತ್ಯದ ರೂಢಿ. ವಿಯೆನ್ನಾದಲ್ಲಿ ವೈದ್ಯನಾದ ಮೇಲೆ ಇದೇ ಉಪಾಯವನ್ನು ಅವನು ರೋಗಿಗಳ ಎದೆಯ ಮೇಲೆ ಪ್ರಯೋಗಿಸಿದ. ಗಾಳಿ ತುಂಬಿದ ಕಡೆ ಡೋಲಿನಂಥ ಶಬ್ದ. ದ್ರವ ನಿಂತ ಕಡೆ ತೊಡೆಯನ್ನು ತಟ್ಟಿದಂಥ ಮಂದ ಶಬ್ದ. ಶವಗಳ ಎದೆಗೆ ದ್ರವವನ್ನು ತುಂಬಿ ತಟ್ಟಿ, ಶಬ್ದ ಬದಲಾಗುವ ಮಟ್ಟವೂ ದ್ರವದ ಮಟ್ಟವೂ ಒಂದೇ ಎಂದು ಪರೀಕ್ಷಿಸಿದ. ನಾವು ಪ್ರಯೋಗಾಲಯದಲ್ಲಿ ಉಪಕರಣವನ್ನು ಅಳವಡಿಸಿಕೊಳ್ಳುವುದು ಹೀಗೆಯೇ ಅಲ್ಲವೆ? ಅವನ ಪುಸ್ತಕ 1761ರಲ್ಲಿ ಬಂತು. ಹೆಚ್ಚಿನವರು ಅದನ್ನು ಗಮನಿಸಲಿಲ್ಲ. 1808ರಲ್ಲಿ ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ ಫ್ರೆಂಚ್ ಭಾಷೆಗೆ ತಂದ ಮೇಲೆ ಎಲ್ಲರೂ ತಟ್ಟತೊಡಗಿದರು.

1816ರಲ್ಲಿ ಸ್ಟೆತಾಸ್ಕೋಪನ್ನು ಕಂಡುಹಿಡಿದ ಲಾಯೆನೆಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನೀರು ನಿಂತ ಮಟ್ಟದ ಮೇಲಂಚಿನಲ್ಲಿ ಆಲಿಸುತ್ತ ರೋಗಿಗೆ ಮಾತಾಡಲು ಹೇಳಿದರೆ, ಅವನ ಮಾತು ಮೇಕೆಯ ಅರಚಿನಂತೆ ನಡುಗುತ್ತ ಕೇಳಿಸುತ್ತದೆ ಎಂದು ಗುರುತಿಸಿದ. ಕೆಲವು ಕಂಪನಾಂಕಗಳು ಮಾತ್ರ ಹಾದುಬಂದು ಉಳಿದವು ಸೋಸಿಹೋಗುವುದರ ಪರಿಣಾಮ ಇದು. ಲಾಯೆನೆಕ್ 1826ರಲ್ಲಿ ಕ್ಷಯದಿಂದಲೇ ತೀರಿಕೊಂಡ.

ಹೀಗೆ ನೀರು ಇದೆಯೆಂದು ಹೇಳುವುದು ಸುಲಭವಾಯಿತು. ಯಾಕೆ ಇದೆ ಎಂಬುದು ಬೇರೆ ಪ್ರಶ್ನೆ. ಹೆಸರಿಡುವವರು ಈ ಎರಡು ಪ್ರಶ್ನೆಗಳನ್ನು ಬಹುಕಾಲ ಬೇರೆ ಮಾಡಲಿಲ್ಲ.

ಹೆಸರುಗಳ ತೂಕ ಮತ್ತು ಅಳತೆ

1662ರಲ್ಲಿ ಲಂಡನ್ನಿನ ಬಟ್ಟೆ ವ್ಯಾಪಾರಿ ಜಾನ್ ಗ್ರಾಂಟ್ ಊರಿನ ಸಾವಿನ ಪಟ್ಟಿಗಳನ್ನು ಕೂಡಿಸಿ ಒಂದು ಪುಸ್ತಕ ಬರೆದ. ಸತ್ತವರ ಮನೆಗೆ ಹೋಗಿ ಕಾರಣ ಕೇಳಿ ಬರುತ್ತಿದ್ದವರು ಆ ಕೆಲಸಕ್ಕೆ ನೇಮಿತರಾದ ಮುದುಕಿಯರು. ಆ ಪಟ್ಟಿಯಲ್ಲಿ ‘ಲೈಟ್ಸ್ ಮೇಲಕ್ಕೆ ಬರುವುದು’ ಎಂಬ ಒಂದು ಕಾರಣವಿದೆ. ಹಳೆಯ ಇಂಗ್ಲಿಷಿನಲ್ಲಿ ಲೈಟ್ಸ್ ಎಂದರೆ ಶ್ವಾಸಕೋಶ. ಅದು ಹಗುರ, ನೀರಿನಲ್ಲಿ ತೇಲುತ್ತದೆ; ಅದಕ್ಕೇ ಆ ಹೆಸರು. ಇಂದು ಆ ಕಾಯಿಲೆ ಯಾವುದೆಂದು ಖಚಿತವಾಗಿ ಹೇಳುವವರಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕಲ್ಲೆನ್ ಕಾಯಿಲೆಗಳನ್ನು ಸಸ್ಯಗಳಂತೆ ವರ್ಗ, ಗಣ, ಜಾತಿಗಳಾಗಿ ವಿಂಗಡಿಸಿದ. ಅವನ ಪಟ್ಟಿಯಲ್ಲಿ ‘ಎದೆಯ ನೀರು’ ಸ್ವತಂತ್ರವಾದ ಒಂದು ಕಾಯಿಲೆ. ಜಲೋದರ ಅದರ ಪಕ್ಕದ ಮನೆಯದು. ಇಬ್ಬರೂ ‘ನೀರಿನಿಂದ ಊದಿಕೊಳ್ಳುವವರು’ ಎಂಬ ಒಂದೇ ವಠಾರದಲ್ಲಿದ್ದರು. ಹೂವಿನ ಬಣ್ಣ ನೋಡಿ ಗಿಡಗಳನ್ನು ಗುಂಪುಮಾಡಿದ ಹಾಗಾಯಿತು ಇದು.

ಇದು ಸಾಲದು ಎಂದವನು ವಿಲಿಯಂ ಫಾರ್. ಇಂಗ್ಲೆಂಡಿನ ನೋಂದಣಿ ಕಚೇರಿಯ 1839ರ ಮೊದಲ ವರದಿಯಲ್ಲಿ ಅವನು ಒಂದು ಮಾತು ಬರೆದಿದ್ದಾನೆ. ಭೌತವಿಜ್ಞಾನಗಳಿಗೆ ತೂಕ ಮತ್ತು ಅಳತೆಗಳ ಏಕಮಾನಗಳು ಹೇಗೋ, ಸಾವಿನ ಅಂಕಿಅಂಶಗಳಿಗೆ ಕಾಯಿಲೆಯ ಹೆಸರುಗಳು ಹಾಗೆ ಎಂಬುದು ಅದರ ತಾತ್ಪರ್ಯ. ಇದನ್ನು ಓದಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಒಬ್ಬ ವ್ಯಾಪಾರಿಯ ಸೇರು ಇನ್ನೊಬ್ಬನ ಸೇರಿಗೆ ಸಮನಾಗಿಲ್ಲದಿದ್ದರೆ ಸಂತೆಯ ಒಟ್ಟು ಭತ್ತವೆಷ್ಟು ಎಂದು ಕೂಡಿಸಿ ಪ್ರಯೋಜನವೇನು? ಆದರೂ ಫಾರ್‌ನ ಪಟ್ಟಿಯಲ್ಲಿಯೂ ‘ನೀರು ತುಂಬುವುದು’ ಉಳಿದುಕೊಂಡಿತು. ನೆಲೆ ಯಾವುದೆಂದು ಗೊತ್ತಿಲ್ಲದ ಕಾಯಿಲೆಗಳ ಸಾಲಿನಲ್ಲಿ ಅದನ್ನು ಅವನು ಇಟ್ಟ. ಗೊತ್ತಿಲ್ಲ ಎಂಬುದಕ್ಕೂ ಒಂದು ಸಾಲು ಇರಬೇಕು ಎಂದು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ಮುಂದಿನ ಹಂತವನ್ನು ಬೇಗ ಹೇಳಿಬಿಡುತ್ತೇನೆ. 1893ರಲ್ಲಿ ಶಿಕಾಗೋದಲ್ಲಿ ಪ್ಯಾರಿಸ್ಸಿನ ಝಾಕ್ ಬೆರ್ತಿಯೋಂ ಸಾವಿನ ಕಾರಣಗಳ ಅಂತಾರಾಷ್ಟ್ರೀಯ ಪಟ್ಟಿಯನ್ನು ಮಂಡಿಸಿದ. ವಿಸ್ತೃತ ರೂಪದಲ್ಲಿ ಅದರಲ್ಲಿ 161 ಶೀರ್ಷಿಕೆಗಳಿದ್ದವು. (ಅಪರಾಧಿಗಳ ದೇಹದ ಅಳತೆ ತೆಗೆದು ಗುರುತು ಹಿಡಿಯುವ ಪದ್ಧತಿ ತಂದ ಬೆರ್ತಿಯೋಂ ಇವನ ತಮ್ಮ. ಅಣ್ಣತಮ್ಮಂದಿರಿಗೆ ವಿಂಗಡಿಸುವ ಹುಚ್ಚು ಸಮನಾಗಿ ಹಂಚಿತ್ತು.) 1900ರಿಂದ ಪಟ್ಟಿಯನ್ನು ಸುಮಾರು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸುವ ರೂಢಿ ಬಂತು. 1948ರ ಆರನೆಯ ಪರಿಷ್ಕರಣೆ ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂದು, ಸಾವಿನ ಜೊತೆಗೆ ಬದುಕಿರುವವರ ಕಾಯಿಲೆಗಳನ್ನೂ ಒಳಗೊಂಡಿತು. ಐ.ಸಿ.ಡಿ. ಎಂದು ಕರೆಯುವುದು ಇದನ್ನೇ. ದೊಡ್ಡಪ್ಪ ಆಸ್ಪತ್ರೆಗೆ ಸೇರಿದ 1979ರಲ್ಲಿಯೇ ಒಂಬತ್ತನೆಯ ಪರಿಷ್ಕರಣೆ ಜಾರಿಗೆ ಬಂದದ್ದು. ಅವರ ಚೀಟಿಯಲ್ಲಿ ಅದರ ಸುಳಿವಿಲ್ಲ.

ನಮ್ಮ ಸೀಮೆಯ ದಾಖಲೆ

ಲಂಡನ್ನಿನ ಮುದುಕಿಯರ ಕೆಲಸವನ್ನು ನಮ್ಮಲ್ಲಿ ಮಾಡಿದವರು ಪಟೇಲ, ಶಾನುಭೋಗರು. ಬ್ರಿಟಿಷ್ ಆಡಳಿತ ರೂಢಿಸಿದ ಸಾವಿನ ಪಟ್ಟಿಯಲ್ಲಿ ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ, ಉಸಿರಾಟದ ಕಾಯಿಲೆಗಳು, ಗಾಯ, ಇತರೆ ಎಂಬಂಥ ಕೆಲವೇ ಅಂಕಣಗಳಿದ್ದವು. ವೈದ್ಯರನ್ನೇ ಕಾಣದೆ ಸತ್ತವನನ್ನು ಯಾವ ಅಂಕಣಕ್ಕೆ ಹಾಕುವುದು? ಹೆಚ್ಚಿನ ಸಾವುಗಳು ‘ಜ್ವರ’ದಲ್ಲಿ ಹೋಗಿ ಬೀಳುತ್ತಿದ್ದವು. ಶ್ರೀರಂಗಪಟ್ಟಣದ ಸುತ್ತಮುತ್ತ ಇದಕ್ಕೆ ಬೇರೆ ಕಾರಣವೂ ಇತ್ತು. 1799ರ ನಂತರ ಅಲ್ಲಿದ್ದ ಬ್ರಿಟಿಷ್ ದಂಡು ಜ್ವರದ ಕಾಟಕ್ಕೆ ಸೋತು ಬೆಂಗಳೂರಿಗೆ ಹೋದದ್ದು ಪ್ರಸಿದ್ಧವಾದ ಸಂಗತಿ. ಮಲೇರಿಯಾ ಇದ್ದ ಕಡೆ ಎಲ್ಲವೂ ಜ್ವರವೇ. ಎದೆಯಲ್ಲಿ ನೀರು ತುಂಬಿ ಸಂಜೆಯ ಹೊತ್ತು ಮೈ ಬಿಸಿಯಾಗುತ್ತಿದ್ದವನೂ ಜ್ವರದವನೇ.

ಈ ಕತ್ತಲೆಯಲ್ಲಿ ಎರಡು ಕಿಟಕಿಗಳು ತೆರೆದವು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯ ಬಲಿ ತೆಗೆದುಕೊಂಡಿತ್ತು. ಅವರ ಹೆಸರಿನಲ್ಲಿ 1921ರಲ್ಲಿ ಮೈಸೂರಿನ ಹೊರವಲಯದಲ್ಲಿ ಕ್ಷಯರೋಗಿಗಳ ಸ್ಯಾನಟೋರಿಯಂ ಆರಂಭವಾಯಿತು. ಬೆಳಗೊಳದಿಂದ ಮೈಸೂರಿಗೆ ಹೋಗುವಾಗ ಕೆ.ಆರ್.ಎಸ್. ರಸ್ತೆಯಲ್ಲಿ ಕಾಣುವ ಪಿ.ಕೆ.ಟಿ.ಬಿ. ಆಸ್ಪತ್ರೆ ಅದೇ. 1929ರಲ್ಲಿ ರಾಕ್‌ಫೆಲರ್ ಫೌಂಡೇಶನ್ನಿನ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ಶುರುವಾಯಿತು. ಆಗ ಮಂಡ್ಯ ಜಿಲ್ಲೆಯೇ ಹುಟ್ಟಿರಲಿಲ್ಲ. ಅದು ಆದದ್ದು 1939ರಲ್ಲಿ.

ಸ್ಯಾನಟೋರಿಯಂಗಳ ಕಾಲದ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಔಷಧಿ ಇರಲಿಲ್ಲವಾದ್ದರಿಂದ ವೈದ್ಯರು ಕ್ಷಯ ಹಿಡಿದ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡಲು ಪ್ಲೂರಾದ ಎರಡು ಪದರಗಳ ನಡುವೆ ಸೂಜಿಯಿಂದ ಗಾಳಿ ತುಂಬುತ್ತಿದ್ದರು. ಅಲ್ಲಿ ಸಹಜವಾಗಿ ಇರುವ ಒತ್ತಡ ವಾಯುಮಂಡಲಕ್ಕಿಂತ ಕೊಂಚ ಕಡಿಮೆ. ಗಾಳಿ ಹೋದೊಡನೆ ಶ್ವಾಸಕೋಶ ಸ್ಥಿತಿಸ್ಥಾಪಕತೆಯಿಂದ ತಾನೇ ಕುಗ್ಗುತ್ತದೆ. ಇಟಲಿಯ ಫೊರ್ಲಾನಿನಿ ತಂದ ಈ ವಿಧಾನ ಹಲವು ದಶಕ ಎಲ್ಲ ಕಡೆ ನಡೆಯಿತು. ಅನೇಕ ರೋಗಿಗಳಲ್ಲಿ ಗಾಳಿ ತುಂಬಿದ ಜಾಗದಲ್ಲಿ ನೀರೂ ಸೇರುತ್ತಿತ್ತು. ಅಂದರೆ ಆ ಕಾಲದ ದಾಖಲೆಗಳಲ್ಲಿ ‘ಎದೆಯ ನೀರು’ ಎಂದಿದ್ದರೆ ಅದು ಕಾಯಿಲೆಯಿಂದ ಬಂದದ್ದೋ ಚಿಕಿತ್ಸೆಯಿಂದ ಬಂದದ್ದೋ ಎಂಬುದನ್ನೂ ಕೇಳಬೇಕಾಗುತ್ತದೆ.

ನೆರಳು ಮತ್ತು ಲ್ಯಾಕ್ಟೋಮೀಟರು

1895ರಲ್ಲಿ ರಾಂಟ್‌ಜೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಮೇಲೆ ಎದೆಯ ಒಳಗನ್ನು ನೋಡಲು ಸಾಧ್ಯವಾಯಿತು. ಗಾಳಿ ತುಂಬಿದ ಶ್ವಾಸಕೋಶದ ಸಾಂದ್ರತೆ ನೀರಿನದಕ್ಕಿಂತ ಬಹಳ ಕಡಿಮೆ. ಕಿರಣ ಅದರಲ್ಲಿ ಸುಲಭವಾಗಿ ಹಾಯುತ್ತದೆ. ನೀರಿನಲ್ಲಿ ಕ್ಷೀಣಿಸುತ್ತದೆ. ಆದ್ದರಿಂದ ನೀರು ಬಿಳಿಯಾಗಿ ಕಾಣುತ್ತದೆ. ಆದರೂ ಎದುರಿನಿಂದ ತೆಗೆದ ಚಿತ್ರದಲ್ಲಿ ಪಕ್ಕೆಯ ಚೂಪಾದ ಮೂಲೆ ಮೊಂಡಾಗಿ ಕಾಣಬೇಕಾದರೆ ಸುಮಾರು 200 ಮಿಲಿಲೀಟರ್ ಬೇಕು. ಪಕ್ಕದಿಂದ ತೆಗೆದರೆ 50 ಸಾಕು. ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ: ಚಿತ್ರದಲ್ಲಿ ನೀರಿನ ಮೇಲಂಚು ಸಮತಲವಾಗಿರದೆ ಪಕ್ಕೆಯ ಕಡೆಗೆ ಬಾಗಿ ಮೇಲೇರುತ್ತದಲ್ಲ, ಯಾಕೆ? ನೀರು ಶ್ವಾಸಕೋಶವನ್ನು ಶಾಲಿನಂತೆ ಸುತ್ತಿಕೊಂಡಿರುತ್ತದೆ. ಅಂಚಿನಲ್ಲಿ ಹಾಯುವ ಕಿರಣ ಆ ಶಾಲಿನ ಉದ್ದಕ್ಕೂ ಸಾಗಬೇಕು, ಆದ್ದರಿಂದ ಅಲ್ಲಿ ಬಿಳುಪು ಹೆಚ್ಚು. ಅದೇ ಜಾಗದಲ್ಲಿ ಗಾಳಿಯೂ ಸೇರಿದ್ದರೆ ಮೇಲಂಚು ಲೋಟದ ನೀರಿನಂತೆ ನೇರವಾಗುತ್ತದೆ.

ನೀರು ಸೋರಿದ್ದೋ ಒಸರಿದ್ದೋ ಎಂದು ತಿಳಿಯುವ ಮೊದಲ ಉಪಾಯ ಮಂಡ್ಯ ಜಿಲ್ಲೆಯ ಪ್ರತಿ ಹಾಲಿನ ಡೈರಿಯವರಿಗೂ ಪರಿಚಿತ. ಲ್ಯಾಕ್ಟೋಮೀಟರಿನಂಥ ಕೊಳವೆಯನ್ನು ತೇಲಿಬಿಟ್ಟು ವಿಶಿಷ್ಟ ಗುರುತ್ವ ನೋಡುವುದು. ಸುಮಾರು 1.016ಕ್ಕಿಂತ ಹೆಚ್ಚಾದರೆ ಪ್ರೋಟೀನು ಸೋರಿಬಂದಿದೆ, ಪೊರೆ ಕೆಟ್ಟಿದೆ ಎಂದು ಅರ್ಥ. ಆಮೇಲೆ ಪ್ರೋಟೀನನ್ನೇ ಅಳೆದು 100 ಮಿಲಿಲೀಟರಿಗೆ 3 ಗ್ರಾಂ ಎಂಬ ಗೆರೆ ಎಳೆದರು. ಎರಡರಲ್ಲೂ ತಪ್ಪು ಆಗುತ್ತಿತ್ತು. 1972ರಲ್ಲಿ ಅಮೆರಿಕದ ರಿಚರ್ಡ್ ಲೈಟ್ ಮತ್ತು ಸಂಗಡಿಗರು ನೀರಿನ ಪ್ರೋಟೀನನ್ನು ಅದೇ ವ್ಯಕ್ತಿಯ ರಕ್ತದ ಪ್ರೋಟೀನಿನಿಂದ ಭಾಗಿಸಿ ನೋಡಿದರು. ಅನುಪಾತ 0.5ಕ್ಕಿಂತ ಹೆಚ್ಚು, ಅಥವಾ ಎಲ್.ಡಿ.ಎಚ್. ಎಂಬ ಕಿಣ್ವದ ಅನುಪಾತ 0.6ಕ್ಕಿಂತ ಹೆಚ್ಚು, ಅಥವಾ ನೀರಿನಲ್ಲಿ ಆ ಕಿಣ್ವ ರಕ್ತದ ಸಾಮಾನ್ಯ ಗರಿಷ್ಠ ಮಿತಿಯ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು. ಈ ಮೂರರಲ್ಲಿ ಒಂದಿದ್ದರೂ ಪೊರೆ ಸೋರಿದೆ ಎಂದು ತಿಳಿಯಬೇಕು. ಒಂದೊಂದು ದೇಹಕ್ಕೆ ಅದರದೇ ರಕ್ತವನ್ನು ಏಕಮಾನವಾಗಿಸಿದ್ದು ಸುಂದರವಾದ ಯೋಚನೆ. ದೊಡ್ಡಪ್ಪನ ಚೀಟಿಯಲ್ಲಿ ಈ ಯಾವ ಸಂಖ್ಯೆಯೂ ಇಲ್ಲ. ತೆಗೆದ ನೀರು ಎಷ್ಟು ಎಂಬುದೂ ಇಲ್ಲ.

ಜೆ 90 ಹೇಳುವುದೇನು?

ಹತ್ತನೆಯ ಪರಿಷ್ಕರಣೆಯಲ್ಲಿ (1990ರಲ್ಲಿ ಅಂಗೀಕಾರವಾದದ್ದು) ಪ್ಲೂರಾದ ನೀರಿಗೆ ಜೆ 90 ಎಂಬ ಸಂಕೇತವಿದೆ. ಅದರ ಪೂರ್ತಿ ಶೀರ್ಷಿಕೆಯಲ್ಲಿ ‘ಬೇರೆಡೆ ವರ್ಗೀಕರಿಸದ’ ಎಂಬ ವಿಶೇಷಣ ಇದೆ. ಇದನ್ನು ಗಮನಿಸಿ. ಕಾರಣ ಗೊತ್ತಿದ್ದರೆ ಇಲ್ಲಿಗೆ ಬರಬೇಡಿ, ಆ ಕಾರಣದ ಮನೆಗೆ ಹೋಗಿ ಎಂದು ಅದರ ಅರ್ಥ. ಕೀವು ಆಗಿದ್ದರೆ ಜೆ 86. ಶ್ವಾಸಕೋಶದ ಒಳಗಿನ ನೀರು ಜೆ 81. ಕ್ಯಾನ್ಸರು ಪ್ಲೂರಾಕ್ಕೆ ಹರಡಿದ್ದರೆ ಸಿ 78.2. ಹೃದಯ ಸೋತದ್ದಾದರೆ ಐ 50. ಬೇರೆ ಕಾಯಿಲೆಯಿಂದ ಬಂದ ನೀರಿಗೆ ಜೆ 91 ಇದೆ, ಆದರೆ ಅದಕ್ಕೆ ನಕ್ಷತ್ರದ ಗುರುತು ಹಾಕಿದ್ದಾರೆ. ನಕ್ಷತ್ರದ ಸಂಕೇತ ಒಂಟಿಯಾಗಿ ನಿಲ್ಲುವಂತಿಲ್ಲ. ಮೂಲ ಕಾಯಿಲೆಯ ಸಂಕೇತ ಮೊದಲು ಬರಬೇಕು. ಕಲ್ಲೆನ್‌ನ ಪಟ್ಟಿಯಲ್ಲಿ ಸ್ವತಂತ್ರ ಕಾಯಿಲೆಯಾಗಿದ್ದ ಎದೆಯ ನೀರು ಎರಡು ಶತಮಾನಗಳಲ್ಲಿ ಹೀಗೆ ಒಂದು ಕುರುಹಾಗಿ ಇಳಿಯಿತು. ಜೆ 90 ಎಂಬುದು, ನನ್ನ ದೃಷ್ಟಿಯಲ್ಲಿ, ಉತ್ತರವಲ್ಲ. ಇನ್ನೂ ಉತ್ತರಿಸದ ಪ್ರಶ್ನೆಯ ಸಂಖ್ಯೆ.

ಕ್ಷಯದಿಂದ ಬಂದ ನೀರಿಗೆ ಎರಡು ಸಂಕೇತಗಳಿವೆ. ಪರೀಕ್ಷೆಯಲ್ಲಿ ಸೂಕ್ಷ್ಮಾಣು ಅಥವಾ ಅಂಗಾಂಶದ ಸಾಕ್ಷ್ಯ ಸಿಕ್ಕಿದ್ದರೆ ಎ 15.6, ಅಂಥ ಸಾಕ್ಷ್ಯದ ಉಲ್ಲೇಖ ಇಲ್ಲದಿದ್ದರೆ ಎ 16.5. ನಾವು ಪ್ರಯೋಗಾಲಯದಲ್ಲಿ ಅಳತೆಯ ಜೊತೆಗೆ ದೋಷದ ಮಿತಿಯನ್ನೂ ಬರೆಯುತ್ತೇವಲ್ಲ, ಇದು ಹಾಗೆ. ಕಾಯಿಲೆಯ ಹೆಸರಿನೊಳಗೇ ‘ಇದು ನನಗೆ ಹೇಗೆ ಗೊತ್ತು’ ಎಂಬುದೂ ಸೇರಿದೆ. ಪ್ಲೂರಾದ ಕ್ಷಯದಲ್ಲಿ ಇದು ಬಹಳ ಮುಖ್ಯ. ಏಕೆಂದರೆ ಆ ನೀರಿನಲ್ಲಿ ಸೂಕ್ಷ್ಮಾಣುಗಳು ತೀರಾ ವಿರಳ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೂರರಲ್ಲಿ ಹತ್ತು ಮಂದಿಯಲ್ಲಿಯೂ ಕಾಣಿಸುವುದಿಲ್ಲ. ನೀರಿನಲ್ಲಿ ಲಿಂಫೋಸೈಟುಗಳು ಹೆಚ್ಚಿವೆಯೆ, ಎ.ಡಿ.ಎ. ಎಂಬ ಕಿಣ್ವ ಲೀಟರಿಗೆ 40 ಏಕಮಾನ ಮೀರಿದೆಯೆ ಎಂದೆಲ್ಲ ನೋಡಿ ವೈದ್ಯರು ತರ್ಕದಿಂದ ನಿರ್ಧರಿಸಬೇಕು. ಆ ತರ್ಕವನ್ನು ಕಾಗದದಲ್ಲಿ ಬರೆಯದಿದ್ದರೆ ಸಂಕೇತ ಹಾಕುವ ಗುಮಾಸ್ತ ಏನು ಮಾಡಿಯಾನು? ಜೆ 90 ಹಾಕುತ್ತಾನೆ. ಅವನದು ತಪ್ಪಲ್ಲ. ಬರೆಯದೇ ಇರುವುದನ್ನು ಊಹಿಸಲು ಅವನಿಗೆ ಅಧಿಕಾರವಿಲ್ಲ.

ಇಲ್ಲಿ ಒಂದು ತಮಾಷೆಯೂ ಇದೆ. ಐ.ಸಿ.ಡಿ. ಪುಸ್ತಕದಲ್ಲಿ ಪ್ಲೂರಾದ ಕ್ಷಯ ‘ಉಸಿರಾಟದ ಅಂಗಗಳ ಕ್ಷಯ’ ಎಂಬ ಗುಂಪಿಗೆ ಸೇರಿದೆ. ಕ್ಷಯ ನಿಯಂತ್ರಣ ಕಾರ್ಯಕ್ರಮದ ವಹಿಯಲ್ಲಿ ಅದೇ ಕಾಯಿಲೆ ‘ಶ್ವಾಸಕೋಶೇತರ ಕ್ಷಯ’. ಒಬ್ಬನೇ ರೋಗಿ ಒಂದು ಲೆಕ್ಕದಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಇದಕ್ಕೆ ಕಾರಣ ಚಾರಿತ್ರಿಕ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆ ನಡೆಸಿತು. 1962ರಲ್ಲಿ ಜಿಲ್ಲಾ ಕ್ಷಯ ಕಾರ್ಯಕ್ರಮ ರೂಪುಗೊಂಡಿತು. ದುಬಾರಿ ಎಕ್ಸ್-ಕಿರಣದ ಬದಲು ಕಫದ ಪರೀಕ್ಷೆ ಅದರ ಬೆನ್ನೆಲುಬು. ಕಫದಲ್ಲಿ ಸೂಕ್ಷ್ಮಾಣು ಇರುವವನೇ ಇತರರಿಗೆ ಹರಡುವವನು, ಅವನನ್ನು ಮೊದಲು ಹಿಡಿಯಬೇಕು. ಬಡ ದೇಶಕ್ಕೆ ಇದು ಸರಿಯಾದ ತೀರ್ಮಾನವೆಂದೇ ನಾನು ತಿಳಿದಿದ್ದೇನೆ. ಆದರೆ ಎದೆಯಲ್ಲಿ ನೀರಿದ್ದು ಕಫದಲ್ಲಿ ಏನೂ ಇಲ್ಲದವನು ಆ ಜಾಲರಿಯಲ್ಲಿ ನಿಲ್ಲುವುದಿಲ್ಲ.

1997ರಿಂದ ವಿಸ್ತರಿಸಿ 2006ರ ವೇಳೆಗೆ ದೇಶವನ್ನೆಲ್ಲ ತಲುಪಿದ ಪರಿಷ್ಕೃತ ಕಾರ್ಯಕ್ರಮದಲ್ಲಿ ಬರವಣಿಗೆಯ ಬೆಲೆ ಇನ್ನೂ ಹೆಚ್ಚಿತ್ತು. ಹೊಸ ರೋಗಿಯಲ್ಲಿ ನೀರು ಎರಡೂ ಕಡೆ ಇದೆ ಅಥವಾ ವ್ಯಾಪಕವಾಗಿದೆ ಎಂದು ಬರೆದರೆ ಅವನು ‘ತೀವ್ರ’ ಎಂದು ಗಣನೆಯಾಗಿ ಒಂದನೆಯ ವರ್ಗದ ನಾಲ್ಕು ಔಷಧಿ ಪಡೆಯುತ್ತಿದ್ದ. ಹಾಗೆ ಬರೆಯದಿದ್ದರೆ ಮೂರನೆಯ ವರ್ಗ, ಮೂರು ಔಷಧಿ. ಒಂದು ವಿಶೇಷಣದ ಬೆಲೆ ಒಂದು ಮಾತ್ರೆ! 2010ರ ಸುಮಾರಿಗೆ ಮೂರನೆಯ ವರ್ಗವನ್ನು ಕೈಬಿಟ್ಟರು. 2012ರ ಮೇ ತಿಂಗಳಿನಿಂದ ಖಾಸಗಿ ವೈದ್ಯರೂ ಕ್ಷಯರೋಗಿಗಳನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. 2018ರಿಂದ ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1000 ರೂಪಾಯಿ ನೆರವು ಬರುತ್ತಿದೆ. ಬರಬೇಕಾದರೆ ಯಾರಾದರೂ ‘ಕ್ಷಯ’ ಎಂದು ಬರೆದಿರಬೇಕು. ‘ಎದೆಯಲ್ಲಿ ನೀರು’ ಎಂದರೆ ಬರುವುದಿಲ್ಲ.

ಆ ಎರಡು ವರ್ಷ

ಈಗ ದೊಡ್ಡಪ್ಪನ ಮಾತಿಗೆ ಬರೋಣ. ನೀರು ತೆಗೆದ ಮೇಲೆ ಅವರು ಚೆನ್ನಾದರು. ಪ್ಲೂರಾದ ಕ್ಷಯದ ಮೋಸ ಇರುವುದೇ ಇಲ್ಲಿ. ಔಷಧಿ ಕೊಡದಿದ್ದರೂ ನೀರು ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನೇ ಇಂಗಿ ಹೋಗಬಹುದು, ಜ್ವರ ನಿಲ್ಲಬಹುದು. 1955ರಲ್ಲಿ ರೋಪರ್ ಮತ್ತು ವೇರಿಂಗ್ ಎಂಬ ಅಮೆರಿಕನ್ ವೈದ್ಯರು, ಎದೆಯಲ್ಲಿ ನೀರು ಬಂದು ಕ್ಷಯದ ಔಷಧಿ ಪಡೆಯದೇ ವಾಸಿಯಾದ 141 ಸೈನಿಕರ ಮುಂದಿನ ಚರಿತ್ರೆಯನ್ನು ಪ್ರಕಟಿಸಿದರು. ಅವರಲ್ಲಿ ಸುಮಾರು ಶೇಕಡ 65 ಮಂದಿಗೆ ಮುಂದೆ ಸಕ್ರಿಯ ಕ್ಷಯ ಕಾಣಿಸಿಕೊಂಡಿತ್ತು, ಹೆಚ್ಚಿನವರಿಗೆ ಐದು ವರ್ಷದೊಳಗೆ. ದೊಡ್ಡಪ್ಪನ ಚೀಟಿ ಬರೆಯುವ ಹೊತ್ತಿಗೆ ಈ ಲೇಖನಕ್ಕೆ 24 ವರ್ಷವಾಗಿತ್ತು.

1981ರಲ್ಲಿ ರಕ್ತ ಕಂಡಾಗ ಕಫದಲ್ಲಿ ಸೂಕ್ಷ್ಮಾಣು ಇತ್ತು. ಅಷ್ಟರಲ್ಲಿ ಅವರು ಅದೇ ಮನೆಯಲ್ಲಿ ಎಂಟು ಜನರೊಂದಿಗೆ ಕೆಮ್ಮುತ್ತ ಎಷ್ಟು ತಿಂಗಳು ಕಳೆದಿದ್ದರೋ. ಕೆ.ಆರ್.ಎಸ್. ರಸ್ತೆಯ ಆಸ್ಪತ್ರೆಯಲ್ಲಿ ಸೇರಿಸಿದರು. ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದು, ಐಸೋನಿಯಜಿಡ್, ಥಯಾಸೆಟಜೋನ್ ಮಾತ್ರೆಗಳು. ಒಂದೂವರೆ ವರ್ಷ ತಪ್ಪದೆ ತೆಗೆದುಕೊಂಡರು. ಗುಣವಾಯಿತು. ಆ ನಡುವೆ ನನ್ನ ದೊಡ್ಡಮ್ಮನಿಗೂ ಅವರ ಕಿರಿಯ ಮಗಳಿಗೂ ಕ್ಷಯ ಬಂತು. ಮಗಳು ಉಳಿಯಲಿಲ್ಲ, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಆ ಮಗುವಿಗೆ ಬಂದದ್ದು ಇದೇ ಸೋಂಕು ಎಂದು ಈಗ ಯಾರೂ ಸಾಧಿಸಲಾರರು. ಒಬ್ಬ ವೈದ್ಯರು ಆತುರದಲ್ಲಿ ಬರೆದ ಒಂದು ಸಾಲಿಗೆ ಎಲ್ಲವನ್ನೂ ಹೊರಿಸುವುದೂ ನ್ಯಾಯವಲ್ಲ. ಅವರಿಗೆ ಸಂಶಯ ಬಂದು ಬಾಯಲ್ಲಿ ಹೇಳಿದ್ದಿರಬಹುದು, ದೊಡ್ಡಪ್ಪ ಮರೆತಿರಬಹುದು. ಸಂಶಯವನ್ನು ಬರೆದಿದ್ದರೆ ಮಾತ್ರ ಅದು ಟ್ರಂಕಿನಲ್ಲಿ ಉಳಿದಿರುತ್ತಿತ್ತು.

ಮಗಳ ಸಾವಿನ ನೋಂದಣಿಯಲ್ಲಿ ಕಾರಣವೇನೆಂದು ಬರೆದಿದ್ದಾರೆ ಎಂದು ಹುಡುಕಿಸಿದೆ. ಮನೆಯಲ್ಲಿ ಆದ ಸಾವು. ‘ಜ್ವರ’ ಎಂದಿತ್ತು. 1969ರ ಜನನ ಮರಣ ನೋಂದಣಿ ಕಾಯಿದೆಯಡಿ ಆಸ್ಪತ್ರೆಯ ಸಾವಿಗೆ ನಮೂನೆ 4, ಹೊರಗಿನ ಸಾವಿಗೆ 4ಎ ಎಂಬ ವೈದ್ಯಕೀಯ ಪ್ರಮಾಣಪತ್ರಗಳಿವೆ. ಅದರಲ್ಲಿ ಒಂದರ ಕೆಳಗೊಂದು ಸಾಲುಗಳು. ಮೊದಲ ಸಾಲಿನಲ್ಲಿ ನೇರ ಕಾರಣ, ಅದಕ್ಕೆ ಕಾರಣವಾದದ್ದು ಕೆಳಗೆ, ಅದಕ್ಕೂ ಕಾರಣವಾದದ್ದು ಇನ್ನೂ ಕೆಳಗೆ. ಲೆಕ್ಕಕ್ಕೆ ಹೋಗುವುದು ಕಟ್ಟಕಡೆಯ ಮೂಲ ಕಾರಣ. ಎದೆಯ ನೀರು ಮೇಲಿನ ಸಾಲಿನಲ್ಲಿ ಇರಬಹುದು, ಕಡೆಯ ಸಾಲಿನಲ್ಲಿ ಇರಬಾರದು. 2020ರಲ್ಲಿ ಭಾರತದಲ್ಲಿ ನೋಂದಣಿಯಾದ ಸಾವುಗಳಲ್ಲಿ ಹೀಗೆ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದವು ಶೇಕಡ 22ರಷ್ಟು.

ಐ.ಸಿ.ಡಿ.ಯ ಹನ್ನೊಂದನೆಯ ಪರಿಷ್ಕರಣೆ 2022ರ ಜನವರಿಯಲ್ಲಿ ಜಾರಿಗೆ ಬಂದಿದೆ. ಜೆ 90 ಅಲ್ಲಿ ಸಿಬಿ 27 ಆಗಿದೆ. ಹಲವು ಸಂಕೇತಗಳನ್ನು ಒಟ್ಟಿಗೆ ಪೋಣಿಸಿ ಬರೆಯುವ ಅವಕಾಶವೂ ಇದೆ. ಹೊಸ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದು ಸಂಜೆ ದೊಡ್ಡಪ್ಪನ ಚೀಟಿಗೆ ಸಂಕೇತ ಹಾಕಲು ಕುಳಿತೆ. ಕ್ಷಯದ ಸಂಕೇತವನ್ನೇ ಹಾಕಬೇಕೆಂದು ಮನಸ್ಸು. ಮುಂದೆ ಆದದ್ದೆಲ್ಲ ನನಗೆ ಗೊತ್ತು. ಆದರೆ ನಿಯಮದಂತೆ ಆ ದಿನ ಆ ಕಾಗದದಲ್ಲಿ ಬರೆದಿರುವುದಕ್ಕೆ ಮಾತ್ರ ಸಂಕೇತ ಹಾಕಬೇಕು. ಸಿಬಿ 27 ಎಂದು ಪೆನ್ಸಿಲಿನಲ್ಲಿ ಬರೆದು, ಚೀಟಿಯನ್ನು ರಸೀತಿಗಳ ನಡುವೆ ಇದ್ದ ಕಡೆಯೇ ಇಟ್ಟೆ.